ಕನ್ನಡ ಅಂಕಿಯ ಗಡಿಯಾರ

ಮನೆಯಲ್ಲಿ ಗಣಕಯಂತ್ರಗಳು ಎಷ್ಟಿವೆಯೆಂದು ಯಾರಾದರೂ ಕೇಳಿದರೆ ಗೃಹಸ್ಥರು ಒಂದೆಂದೋ ಎರಡೆಂದೋ ಹೇಳುವರು. ಒಂದೂ ಇಲ್ಲವೆನ್ನುವವರೂ ಉಂಟು. ಆದರೆ ಈ ಲೆಕ್ಕವು ಸರಿಯಾದುದಲ್ಲ. ಬಟ್ಟೆಯನ್ನೊಗೆಯುವ ಯಂತ್ರದೊಳಗೆ ಒಂದು ಗಣಕವಿದೆ. ಟೆಲಿವಿಷನ್ನಿನ ರಿಮೋಟಿನಲ್ಲಿ ಒಂದಿದೆ. ಇನ್‌ವರ್ಟರಿನಲ್ಲಿಯೂ, ವಿದ್ಯುತ್ತಿನ ಹೊಸ ಮೀಟರಿನಲ್ಲಿಯೂ, ಮಗುವಿನ ಜ್ವರವನ್ನು ಅಂಕಿಗಳಲ್ಲಿ ತೋರಿಸುವ ಥರ್ಮಾಮೀಟರಿನಲ್ಲಿಯೂ ಒಂದೊಂದು ಅಡಗಿಕೊಂಡಿದೆ. ಇವುಗಳಿಗೆ ಮೈಕ್ರೋಕಂಟ್ರೋಲರುಗಳೆಂದು ಹೆಸರು. ನಾವು ಗುಂಡಿಯನ್ನೊತ್ತುವೆವು, ಅವು ಕೆಲಸಮಾಡುವುವು. ಕೆಟ್ಟುಹೋದರೆ ಎಸೆದು ಬೇರೊಂದನ್ನು ಕೊಂಡುತರುವೆವು. ಅವು ಯಾವ ಭಾಷೆಯಲ್ಲಿ ಅಂಕಿಗಳನ್ನು ತೋರಿಸಿದರೆ ಆ ಭಾಷೆಯಲ್ಲಿಯೇ ಓದಿಕೊಳ್ಳುವೆವು. ನಮಗೂ ಅವುಗಳಿಗೂ ಇರುವ ಸಂಬಂಧವು ಇಷ್ಟೇ.

ಈ ಸಂಬಂಧವನ್ನು ಬದಲಾಯಿಸಬಲ್ಲ ಒಂದು ಹವ್ಯಾಸವು ಸುಮಾರು ಇಪ್ಪತ್ತು ವರ್ಷಗಳಿಂದ ಲೋಕದಲ್ಲೆಲ್ಲ ಹಬ್ಬಿದೆ. ಹೊಲಿಗೆ, ತೋಟಗಾರಿಕೆ, ಅಂಚೆಚೀಟಿಗಳ ಸಂಗ್ರಹ ಮುಂತಾದವುಗಳಂತೆ ಇದೂ ಬಿಡುವಿನ ವೇಳೆಯ ವಿನೋದವೇ. ಚಿಕ್ಕದೊಂದು ಮೈಕ್ರೋಕಂಟ್ರೋಲರನ್ನು ತಂದು, ಅದಕ್ಕೆ ತಾವೇ ಆಜ್ಞೆಗಳನ್ನು ಬರೆದುಕೊಟ್ಟು, ಅದರ ಸುತ್ತ ಕೆಲವು ಸಹಾಯಕ ಚಿಪ್ಪುಗಳನ್ನು ಜೋಡಿಸಿ, ತಮಗೆ ಬೇಕಾದ ಕೆಲಸವನ್ನು ಮಾಡಿಸಿಕೊಳ್ಳುವುದು ಇದರ ಕ್ರಮ. ಈ ಹವ್ಯಾಸದ ತಿರುಳನ್ನು ಇಲ್ಲಿ ಒಂದೇ ಉದಾಹರಣೆಯಿಂದ ವಿವರಿಸುವೆವು. ೧, ೨, ೩ ಎಂದು ನಮ್ಮ ಅಂಕಿಗಳಲ್ಲಿಯೇ ಹೊತ್ತನ್ನು ತೋರಿಸುವ ಗಡಿಯಾರವನ್ನು ಮನೆಯಲ್ಲಿ ಕಟ್ಟುವ ಬಗೆಯೇ ಆ ಉದಾಹರಣೆ. ಅಂಗಡಿಗಳಲ್ಲಿ ಸಿಕ್ಕುವ ವಿದ್ಯುದ್ಗಡಿಯಾರಗಳು ಸಾಮಾನ್ಯವಾಗಿ ಈ ಅಂಕಿಗಳನ್ನು ಅರಿಯವು. ಯಾರೂ ಅವುಗಳಿಗೆ ಕಲಿಸಲಿಲ್ಲವೆಂಬುದು ಹೊರತು ಇದಕ್ಕೆ ಬೇರೆ ಕಾರಣವಿಲ್ಲ. ಕಲಿಸುವುದು ಎಷ್ಟು ಸುಲಭವೆಂಬುದನ್ನು ವಾಚಕರು ಮುಂದೆ ನೋಡುವರು.

ಅಂಗೈಯೊಳಗಿನ ಗಣಕ

ಮೈಕ್ರೋಕಂಟ್ರೋಲರೆಂಬುದು ಒಂದೇ ಸಿಲಿಕನ್ ಚೂರಿನ ಮೇಲೆ ರಚಿತವಾದ ಪೂರ್ಣ ಗಣಕ. ಲೆಕ್ಕಮಾಡುವ ಭಾಗ, ಆಜ್ಞೆಗಳನ್ನು ಕಾಪಾಡುವ ಭಾಗ, ಆಯಾ ಹೊತ್ತಿನ ಲೆಕ್ಕವನ್ನು ನೆನಪಿಡುವ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ, ಇವೆಲ್ಲವೂ ಅದರಲ್ಲಿ ಅಡಕವಾಗಿರುವುವು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಗ್ಯಾರಿ ಬೂನ್, ಮೈಕೇಲ್ ಕಾಕ್ರನ್ ಎಂಬ ಎಂಜಿನಿಯರುಗಳು ೧೯೭೧ರಲ್ಲಿ ಇಂಥ ಚಿಪ್ಪೊಂದನ್ನು ರಚಿಸಿದರು. ಅದರ ಸಂತತಿಯಾದ ಟಿ. ಎಂ. ಎಸ್. ೧೦೦೦ ಎಂಬುದು ೧೯೭೪ರಲ್ಲಿ ಮಾರಾಟಕ್ಕೆ ಬಂದಿತು. ಇಂದು ಹವ್ಯಾಸಿಗಳ ಕೈಯಲ್ಲಿ ಬಹುವಾಗಿ ಓಡಾಡುವ ಎ. ಟಿ. ಮೆಗಾ ೩೨೮ ಎಂಬ ಚಿಪ್ಪು ಬೇರೊಂದು ವಂಶದ್ದು. ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ ಆಲ್ಫ್-ಏಗಿಲ್ ಬೋಗನ್, ವೇಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳು ಆಲೋಚಿಸಿದ ರಚನೆಯೇ ಈ ವಂಶಕ್ಕೆ ಮೂಲ.

ಈ ಚಿಪ್ಪಿನ ಸಾಮರ್ಥ್ಯವೆಷ್ಟು? ಹವ್ಯಾಸಿಗಳು ಬಳಸುವ ಉದ್ದನೆಯ ರೂಪದಲ್ಲಿ ಅದಕ್ಕೆ ೨೮ ಕಾಲುಗಳು. ಆಜ್ಞೆಗಳಿಗಾಗಿ ೩೨ ಕಿಲೋಬೈಟುಗಳ ಸ್ಥಳವುಂಟು. ಕೆಲಸದ ಕಾಲದ ನೆನಪಿಗಾದರೋ ಕೇವಲ ೨ ಕಿಲೋಬೈಟು. ಅಂದರೆ ಈ ಪತ್ರಿಕೆಯ ಅರ್ಧ ಪುಟದಷ್ಟು ಕನ್ನಡ ಬರೆವಣಿಗೆಯೂ ಅದರಲ್ಲಿ ಹಿಡಿಯದು. ವೇಗದಲ್ಲಿ ಮಾತ್ರ ಅದು ಬಡವನಲ್ಲ. ಸಾಧಾರಣವಾದ ಬೋರ್ಡಿನ ಮೇಲೆ ಅದರ ನಾಡಿಯು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಸಲ ಮಿಡಿಯುವುದು. ಆದುದರಿಂದ ಈ ಚಿಪ್ಪನ್ನು, ಕೈ ಬಹಳ ಚುರುಕಾಗಿಯೂ ನೆನಪು ಬಹಳ ಕಡಮೆಯಾಗಿಯೂ ಇರುವ ಒಬ್ಬ ಕೆಲಸಗಾರನೆಂದು ಭಾವಿಸಬಹುದು. ಅಂಥವನಿಂದ ದೊಡ್ಡ ಕೆಲಸವನ್ನು ಮಾಡಿಸಬೇಕಾದರೆ ಎರಡು ಉಪಾಯಗಳು ಬೇಕು: ಹೇಳುವುದನ್ನು ಸ್ಪಷ್ಟವಾಗಿ ಹೇಳಬೇಕು, ಅವನಿಂದಾಗದುದಕ್ಕೆ ತಕ್ಕ ಸಹಾಯಕರನ್ನು ಕೊಡಬೇಕು.

ಇಟಲಿಯ ಒಂದು ಊರಿನಿಂದ

ಮೊದಲು ಇಂಥ ಚಿಪ್ಪುಗಳಿಗೆ ಆಜ್ಞೆ ಬರೆಯುವುದು ಎಂಜಿನಿಯರುಗಳ ಕೆಲಸವಾಗಿದ್ದಿತು. ಅದಕ್ಕೆ ಬೇಕಾದ ಉಪಕರಣಗಳೂ ಬೆಲೆಯುಳ್ಳವು. ಟೈಪ್‌ರೈಟರುಗಳಿಂದ ಪ್ರಸಿದ್ಧವಾದ ಒಲಿವೆಟ್ಟಿ ಕಂಪೆನಿಯು ೧೯೦೮ರಲ್ಲಿ ಹುಟ್ಟಿದ ಇಟಲಿಯ ಇವ್ರೇಯಾ ಎಂಬ ಊರಿನಲ್ಲಿ, ಎಂಜಿನಿಯರುಗಳಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ಸಂಸ್ಥೆಯಿದ್ದಿತು. ಅಲ್ಲಿ ಕೊಲಂಬಿಯಾ ದೇಶದ ವಿದ್ಯಾರ್ಥಿಯಾದ ಎರ್ನಾಂಡೊ ಬಾರಾಗಾನ್ ಎಂಬಾತನು ‘ವೈರಿಂಗ್’ ಎಂಬ ಸುಲಭ ವ್ಯವಸ್ಥೆಯನ್ನು ತನ್ನ ಪ್ರಬಂಧಕ್ಕಾಗಿ ರಚಿಸಿದನು. ಅದನ್ನು ಆಧಾರವಾಗಿಟ್ಟುಕೊಂಡು ಮಾಸಿಮೊ ಬಾನ್ಸಿ ಮತ್ತು ಅವರ ಸಂಗಡಿಗರು ೨೦೦೫ರಲ್ಲಿ ‘ಆರ್ಡುಯಿನೋ’ ಎಂಬ ಅಗ್ಗದ ಬೋರ್ಡನ್ನು ಹೊರತಂದರು. ಸುಮಾರು ಸಾವಿರ ವರ್ಷಗಳ ಹಿಂದೆ, ೧೦೦೨ರಲ್ಲಿ, ಇಟಲಿಯ ರಾಜನಾದ ಇವ್ರೇಯಾದ ಆರ್ಡುಯಿನನ ಹೆಸರನ್ನು ಆ ಊರಿನ ಒಂದು ಪಾನಗೃಹಕ್ಕೆ ಇಟ್ಟಿದ್ದರು. ಮಿತ್ರರು ಕೂಡುತ್ತಿದ್ದ ಆ ಸ್ಥಳದ ಹೆಸರೇ ಬೋರ್ಡಿಗೂ ಬಂದಿತು.

ಅವರು ಮಾಡಿದ ಮುಖ್ಯ ಕಾರ್ಯವೆಂದರೆ ಬೋರ್ಡಿನ ನಕ್ಷೆಯನ್ನು ಗುಟ್ಟುಮಾಡದೆ ಎಲ್ಲರಿಗೂ ಬಿಟ್ಟುಕೊಟ್ಟುದು. ಬಲ್ಲವರು ಯಾರೇ ಆಗಲಿ ಅದನ್ನು ನೋಡಿ ತಾವೂ ತಯಾರಿಸಬಹುದು. ಇದರಿಂದಲೇ ಇಂದು ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿ ಸಾಲುಗಳಲ್ಲಿ ಈ ಬೋರ್ಡಿನ ನಾನಾ ಪ್ರತಿರೂಪಗಳು ದೊರೆಯುವುವು. ಅದನ್ನು ಯು. ಎಸ್. ಬಿ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಆಜ್ಞೆಗಳ ಪಟ್ಟಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದು ಕಳುಹಿಸಬೇಕು. ಪ್ರೋಗ್ರಾಮಿನಲ್ಲಿ ಎರಡು ಭಾಗಗಳು: ಆರಂಭದಲ್ಲಿ ಒಮ್ಮೆ ಮಾತ್ರ ಮಾಡತಕ್ಕುದು, ಮತ್ತು ವಿದ್ಯುತ್ತಿರುವ ಪರ್ಯಂತ ಮಾಡುತ್ತಲೇ ಇರತಕ್ಕುದು. ಕಾವಲಿಯನ್ನು ಒಲೆಯ ಮೇಲಿಡುವುದು ಒಮ್ಮೆ. ದೋಸೆ ಹುಯ್ಯುವುದು ಮತ್ತೆ ಮತ್ತೆ. ಗೃಹಿಣಿಯರಿಗೆ ಈ ವಿಭಾಗವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಒಬ್ಬನ ಬಾಯಿಗೆ ಮತ್ತೊಬ್ಬನ ಕಿವಿ

ಗಣಕಗಳು ತಮ್ಮೊಳಗೆ ಮಾತನಾಡುವ ಅತ್ಯಂತ ಹಳೆಯ ಕ್ರಮವು ತಂತಿ ವರ್ತಮಾನದ ಕ್ರಮವೇ. ಎಂಟು ತುಣುಕುಗಳುಳ್ಳ ಸಂದೇಶವನ್ನು ಎಂಟು ತಂತಿಗಳಲ್ಲಿ ಏಕಕಾಲದಲ್ಲಿ ಕಳುಹಿಸಬಹುದು. ಆದರೆ ಅಷ್ಟೊಂದು ಕಾಲುಗಳನ್ನು ಎಲ್ಲಿಂದ ತರುವುದು? ಆದುದರಿಂದ ಕಿರುಬಾಗಿಲಿನಲ್ಲಿ ಜನರು ಒಬ್ಬೊಬ್ಬರಾಗಿ ಹೋಗುವಂತೆ ತುಣುಕುಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೊಂದಾಗಿ ಕಳುಹಿಸುವರು. ಇದಕ್ಕೆ ಸೀರಿಯಲ್ ಸಂಪರ್ಕವೆಂದು ಹೆಸರು. ಪ್ರತಿಯೊಂದು ತುಣುಕೂ ಸೊನ್ನೆ ಅಥವಾ ಒಂದು. ಅಂದರೆ ತಂತಿಯಲ್ಲಿ ವಿದ್ಯುತ್ತಿನ ಮಟ್ಟವು ಕೆಳಗಿರುವುದು ಅಥವಾ ಮೇಲಿರುವುದು.

ಮಾತಿಲ್ಲದಿರುವಾಗ ತಂತಿಯು ಮೇಲಿನ ಮಟ್ಟದಲ್ಲಿಯೇ ನಿಂತಿರುವುದು. ಹೇಳುವವನು ಮೊದಲು ಅದನ್ನು ಒಮ್ಮೆ ಕೆಳಗಿಳಿಸುವನು. ಇದು ‘ಕೇಳು’ ಎಂಬ ಎಚ್ಚರಿಕೆ. ಅನಂತರ ಎಂಟು ತುಣುಕುಗಳು ಬರುವುವು. ಕೊನೆಗೆ ಮೇಲಿನ ಮಟ್ಟದ ಒಂದು ತುಣುಕು. ಇದು ‘ಮುಗಿಯಿತು’ ಎಂಬ ಸೂಚನೆ. ಒಟ್ಟು ಹತ್ತು. ಸೆಕೆಂಡಿಗೆ ೯,೬೦೦ ತುಣುಕುಗಳೆಂಬ ರೂಢಿಯ ವೇಗದಲ್ಲಿ ಒಂದೊಂದಕ್ಕೂ ಸೆಕೆಂಡಿನ ಹತ್ತು ಲಕ್ಷದ ಭಾಗಗಳಲ್ಲಿ ಸುಮಾರು ೧೦೪ ಭಾಗ ಹಿಡಿಯುವುದು. ಸೆಕೆಂಡಿಗೆ ೯೬೦ ಇಂಗ್ಲಿಷ್ ಅಕ್ಷರಗಳು ಹೋಗುವುವು. ಯೂನಿಕೋಡ್ ಪದ್ಧತಿಯಲ್ಲಿ ನಮ್ಮ ‘ಕ’ಕಾರವನ್ನು ಕಳುಹಿಸುವ ರೂಢಿಯ ಕ್ರಮದಲ್ಲಿ ಅದಕ್ಕೆ ಮೂರು ಬೈಟುಗಳು ಬೇಕಾಗುವುದರಿಂದ ಕನ್ನಡವು ಇದರ ಮೂರರಲ್ಲೊಂದು ವೇಗದಲ್ಲಿ ಸಾಗುವುದು. ಆದರೂ ಓದುವವರ ಕಣ್ಣಿಗಿಂತ ಅದು ಬಹು ಬೇಗ.

ಈ ವೇಗದ ಮಾನಕ್ಕೆ ‘ಬಾಡ್’ ಎಂಬ ಹೆಸರು ಬಂದುದು ಎಮಿಲ್ ಬೋದೊ ಎಂಬ ಫ್ರೆಂಚ್ ತಂತಿ ಎಂಜಿನಿಯರನಿಂದ. ಆತನು ೧೮೭೪ರಲ್ಲಿ ತನ್ನ ತಂತಿಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. ನಮ್ಮ ದೇಶದಲ್ಲಿ ತಂತಿ ವರ್ತಮಾನದ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ತಂತಿಯ ಮರ್ಯಾದೆಗಳು ಮಾತ್ರ ಹವ್ಯಾಸಿಯ ಮೇಜಿನ ಮೇಲೆ ಇನ್ನೂ ಜೀವಂತವಾಗಿವೆ.

ಈ ಪದ್ಧತಿಯಲ್ಲಿ ಇಬ್ಬರೂ ಒಂದೇ ವೇಗವನ್ನು ಮೊದಲೇ ಒಪ್ಪಿಕೊಂಡಿರಬೇಕು. ಒಬ್ಬನು ೯,೬೦೦ರಲ್ಲಿ ಹೇಳಿ ಮತ್ತೊಬ್ಬನು ಬೇರೆ ವೇಗದಲ್ಲಿ ಕೇಳಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿಯುವುವು. ಒಬ್ಬನ ಬಾಯಿಯ ತಂತಿಯನ್ನು ಮತ್ತೊಬ್ಬನ ಕಿವಿಗೆ ಕಟ್ಟಬೇಕು. ಬಾಯಿಗೆ ಬಾಯಿಯನ್ನೇ ಕಟ್ಟಿದರೆ ಇಬ್ಬರೂ ಕೂಗುವರು, ಕೇಳುವವರಿಲ್ಲ. ಇಬ್ಬರಿಗೂ ಕೆಳಮಟ್ಟದ ತಂತಿಯು, ಎಂದರೆ ಗ್ರೌಂಡು, ಒಂದೇ ಆಗಿರಬೇಕು. ಒಬ್ಬನ ‘ಕೆಳಗೆ’ ಎಂಬುದು ಮತ್ತೊಬ್ಬನಿಗೂ ‘ಕೆಳಗೆ’ ಆಗದಿದ್ದರೆ ಮಾತಿಗೆ ಅರ್ಥವೆಲ್ಲಿಯದು? ಹೊಸಬರ ಅರ್ಧ ಕಷ್ಟಗಳು ಈ ಮೂರರಲ್ಲಿ ಯಾವುದಾದರೊಂದನ್ನು ಮರೆತುದರ ಫಲ.

ಸಹಾಯಕರ ಅಗತ್ಯ

ಇನ್ನು ನಮ್ಮ ಗಡಿಯಾರಕ್ಕೆ ಬರೋಣ. ಅಷ್ಟು ವೇಗದ ಚಿಪ್ಪು ತಾನೇ ಹೊತ್ತನ್ನು ಎಣಿಸಲಾರದೇ ಎಂದು ವಾಚಕರು ಕೇಳಬಹುದು. ಎಣಿಸಬಲ್ಲದು, ಆದರೆ ಎರಡು ದೋಷಗಳುಂಟು. ಅದರ ನಾಡಿಯು ಶೇಕಡ ಅರ್ಧದಷ್ಟು ತಪ್ಪಿದರೂ ದಿನಕ್ಕೆ ಏಳು ನಿಮಿಷಗಳು ಹೆಚ್ಚುಕಡಮೆಯಾಗುವುವು. ಅದಕ್ಕಿಂತ ದೊಡ್ಡ ದೋಷವೆಂದರೆ, ವಿದ್ಯುತ್ತು ಹೋದೊಡನೆ ಅದು ಹೊತ್ತನ್ನು ಪೂರ್ತಿಯಾಗಿ ಮರೆಯುವುದು. ಬೇಸಗೆಯಲ್ಲಿ ದಿನಕ್ಕೆರಡು ಸಲ ದೀಪ ಆರುವ ಊರಿನಲ್ಲಿ ಅಂಥ ಗಡಿಯಾರದಿಂದ ಪ್ರಯೋಜನವೇನು?

ಅಂಕಿಗಳನ್ನು ತೋರಿಸುವ ಫಲಕದ ಕಷ್ಟವು ಬೇರೆ. ಸಾಲಿಗೆ ೧೬ ಅಕ್ಷರಗಳಂತೆ ಎರಡು ಸಾಲುಗಳುಳ್ಳ, ಹಿಂದೆ ನೀಲಿ ಅಥವಾ ಹಸುರು ಬೆಳಕುಳ್ಳ ಎಲ್. ಸಿ. ಡಿ. ಫಲಕವನ್ನು ವಾಚಕರು ನೋಡಿರಬಹುದು. ಅದನ್ನು ನೇರವಾಗಿ ಜೋಡಿಸಿದರೆ ಕಡಮೆಯೆಂದರೂ ಆರು ಕಾಲುಗಳನ್ನು ಅದಕ್ಕೇ ಒಪ್ಪಿಸಬೇಕು. ಗಂಟೆ, ಗುಂಡಿ, ಥರ್ಮಾಮೀಟರು ಎಂದು ಸೇರಿಸುತ್ತ ಹೋದರೆ ಕಾಲುಗಳು ಬೇಗನೆ ಮುಗಿಯುವುವು.

ಇಂಥ ತೊಡಕಿಗೆ ಹಾಲೆಂಡಿನ ಫಿಲಿಪ್ಸ್ ಕಂಪೆನಿಯವರು ೧೯೮೨ರಲ್ಲಿ ಒಂದು ಪರಿಹಾರವನ್ನು ಕಂಡುಹಿಡಿದರು. ಟೆಲಿವಿಷನ್ ಮುಂತಾದ ಯಂತ್ರಗಳ ಒಳಗೆ ಅನೇಕ ಚಿಪ್ಪುಗಳನ್ನು ಎರಡೇ ತಂತಿಗಳಿಂದ ಕೂಡಿಸುವ ಈ ಪದ್ಧತಿಗೆ ಐ-ಟು-ಸಿ ಎಂದು ಹೆಸರು. ಒಂದು ತಂತಿಯಲ್ಲಿ ಮಾತು, ಮತ್ತೊಂದರಲ್ಲಿ ತಾಳ. ತಾಳವನ್ನು ಯಜಮಾನನಾದ ಮೈಕ್ರೋಕಂಟ್ರೋಲರು ಹಾಕುವುದರಿಂದ ವೇಗದ ವಿಷಯವಾಗಿ ಮೊದಲೇ ಒಪ್ಪಂದ ಬೇಕಾಗಿಲ್ಲ. ಎಲ್ಲ ಸಹಾಯಕರೂ ಆ ಎರಡು ತಂತಿಗಳನ್ನೇ ಹಿಡಿದುಕೊಂಡಿರುವರು.

ಹಾಗಾದರೆ ಯಾರೊಡನೆ ಮಾತನಾಡುತ್ತಿರುವುದೆಂದು ತಿಳಿಯುವುದು ಹೇಗೆ? ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವುದನ್ನು ನೆನೆದುಕೊಳ್ಳಿರಿ. ಪ್ರತಿಯೊಂದು ಸಹಾಯಕ ಚಿಪ್ಪಿಗೂ ಒಂದು ಸಂಖ್ಯೆಯುಂಟು. ಯಜಮಾನನು ಮೊದಲು ಸಂಖ್ಯೆಯನ್ನು ಕರೆಯುವನು, ಆ ಸಂಖ್ಯೆಯವನು ಮಾತಿನ ತಂತಿಯನ್ನು ಕ್ಷಣಕಾಲ ಕೆಳಗೆಳೆದು ‘ಹಾಜರ್’ ಎನ್ನುವನು, ಉಳಿದವರು ಸುಮ್ಮನಿರುವರು. ಅನಂತರ ಹೇಳುವ ಪ್ರತಿಯೊಂದು ಮಾತಿಗೂ ಕೇಳಿದವನು ಹೀಗೆಯೇ ಒಪ್ಪಿಗೆ ಕೊಡುವನು. ಸಂಖ್ಯೆಯು ಏಳು ತುಣುಕುಗಳದ್ದಾದುದರಿಂದ ೧೨೮ ಸಂಖ್ಯೆಗಳು ಸಾಧ್ಯ. ವಿಶೇಷ ಕಾರ್ಯಗಳಿಗಾಗಿ ೧೬ನ್ನು ಬಿಟ್ಟರೆ ೧೧೨ ಉಳಿಯುವುವು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ತಂತಿಗಳನ್ನು ಯಾರು ಬೇಕಾದರೂ ಕೆಳಗೆಳೆಯಬಹುದು, ಆದರೆ ಯಾರೂ ಮೇಲಕ್ಕೆ ತಳ್ಳಬಾರದು. ಮೇಲಕ್ಕೇರಿಸುವ ಕೆಲಸವು ರೆಸಿಸ್ಟರುಗಳದು. ಬಗ್ಗಿಸಿ ಕೈಬಿಟ್ಟ ಬಿದಿರಿನ ಗಳೆಯು ತಾನಾಗಿ ನೆಟ್ಟಗಾಗುವಂತೆ ಅವು ತಂತಿಯನ್ನು ಮೇಲಿನ ಮಟ್ಟಕ್ಕೆ ತರುವುವು. ಇದರಿಂದ ಇಬ್ಬರು ಏಕಕಾಲದಲ್ಲಿ ಮಾತನಾಡಿದರೂ ಒಬ್ಬರನ್ನೊಬ್ಬರು ಸುಡುವುದಿಲ್ಲ. ಆ ಎರಡು ರೆಸಿಸ್ಟರುಗಳು ಇಲ್ಲದಿದ್ದರೆ ತಂತಿಯು ಮೇಲೇಳುವುದೇ ಇಲ್ಲ, ಎಲ್ಲರೂ ಮೂಕರಾಗುವರು.

ಕಾಲವನ್ನು ಮರೆಯದ ಚಿಪ್ಪು

ನಮ್ಮ ಗಡಿಯಾರದ ಮೊದಲನೆಯ ಸಹಾಯಕನು ಡಿ. ಎಸ್. ೩೨೩೧ ಎಂಬ ಚಿಪ್ಪು; ಹಾಜರಿಯಲ್ಲಿ ಇವನ ಸಂಖ್ಯೆಯು ೧೦೪. ಇವನ ಹೊಟ್ಟೆಯಲ್ಲಿ ಸೆಕೆಂಡಿಗೆ ೩೨,೭೬೮ ಸಲ ನಡುಗುವ ಬೆಣಚುಕಲ್ಲಿನ ಹರಳುಂಟು. ಈ ವಿಚಿತ್ರ ಸಂಖ್ಯೆಯನ್ನು ಏಕೆ ಆರಿಸಿದರೆಂಬುದನ್ನು ಮಕ್ಕಳಿಂದ ಲೆಕ್ಕ ಮಾಡಿಸಿ ನೋಡಿರಿ: ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುವುದು. ಅರ್ಧಮಾಡುವುದು ಚಿಪ್ಪುಗಳಿಗೆ ಅತ್ಯಂತ ಸುಲಭವಾದ ಲೆಕ್ಕ. ಹೀಗೆ ಸೆಕೆಂಡು ಸಿದ್ಧವಾಗುವುದು. ಸೆಕೆ ಚಳಿಗಳಿಂದ ಹರಳಿನ ನಡುಕವು ವ್ಯತ್ಯಾಸವಾಗುವುದರಿಂದ, ಚಿಪ್ಪಿನೊಳಗೆಯೇ ಇರುವ ಥರ್ಮಾಮೀಟರು ೬೪ ಸೆಕೆಂಡುಗಳಿಗೊಮ್ಮೆ ಶಾಖವನ್ನು ನೋಡಿ ತಿದ್ದುಪಾಟು ಮಾಡುವುದು. ಸೊನ್ನೆಯಿಂದ ೪೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಅದರ ತಪ್ಪು ಹತ್ತು ಲಕ್ಷಕ್ಕೆ ಎರಡು ಭಾಗವನ್ನು ಮೀರದು. ವರ್ಷಕ್ಕೆ ಸುಮಾರು ಒಂದು ನಿಮಿಷ. ನಾಣ್ಯದಾಕಾರದ ಒಂದು ಸೆಲ್ಲಿನ ಬಲದಿಂದ, ಮನೆಯಲ್ಲಿ ವಿದ್ಯುತ್ತಿಲ್ಲದಿದ್ದರೂ ಅದು ಎಣಿಸುತ್ತಲೇ ಇರುವುದು.

ಮೊದಲ ಸಲ ಹೊತ್ತನ್ನು ಕಂಪ್ಯೂಟರಿನಿಂದ ಸೀರಿಯಲ್ ತಂತಿಯ ಮೂಲಕ ಹೇಳಿಕೊಡಬೇಕು. ಆಮೇಲೆ ಮೈಕ್ರೋಕಂಟ್ರೋಲರು ೧೦೪ನೆಯವನನ್ನು ಕರೆದು, ‘ಸೊನ್ನೆಯ ಮನೆಯಿಂದ ಆರಂಭಿಸಿ ಹೇಳು’ ಎಂದರೆ ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಖು, ತಿಂಗಳು, ವರ್ಷ ಎಂಬ ಏಳು ಉತ್ತರಗಳು ಕ್ರಮವಾಗಿ ಬರುವುವು. ಆದರೆ ಉತ್ತರದ ರೀತಿಯನ್ನು ಅರಿತಿರಬೇಕು. ಈ ಚಿಪ್ಪು ೩೭ ಸೆಕೆಂಡನ್ನು ‘ಮೂರು’ ಮತ್ತು ‘ಏಳು’ ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು. ಇದನ್ನರಿಯದೆ ಓದಿದವನಿಗೆ ಮೂರು ಹದಿನಾರಲೆ ನಲವತ್ತೆಂಟು, ಅದಕ್ಕೆ ಏಳು ಸೇರಿ ೫೫ ಎಂಬ ತಪ್ಪು ಸಂಖ್ಯೆ ಬರುವುದು. ಅರಿತವನಿಗೆ ಇದೇ ಅನುಕೂಲ. ಅಂಕಿಗಳು ಮೊದಲೇ ಬಿಡಿಬಿಡಿಯಾಗಿ ಬಂದಿರುವುದರಿಂದ ಒಂದೊಂದಕ್ಕೂ ಕನ್ನಡದ ರೂಪವನ್ನು ಕೊಡುವುದಷ್ಟೇ ಉಳಿಯುವುದು.

ಫಲಕಕ್ಕೆ ಅಕ್ಷರಾಭ್ಯಾಸ

ಎರಡನೆಯ ಸಹಾಯಕನು ಪಿ. ಸಿ. ಎಫ್. ೮೫೭೪. ಎರಡು ತಂತಿಗಳಲ್ಲಿ ಬಂದ ಮಾತನ್ನು ಎಂಟು ಕಾಲುಗಳಿಗೆ ಹಂಚುವುದು ಇವನ ಕೆಲಸ. ಇವನು ಎಲ್. ಸಿ. ಡಿ. ಫಲಕದ ಬೆನ್ನಿಗೆ ಅಂಟಿಕೊಂಡೇ ಅಂಗಡಿಯಲ್ಲಿ ಸಿಕ್ಕುವನು. ಸಂಖ್ಯೆಯು ಸಾಮಾನ್ಯವಾಗಿ ೩೯, ಇವನ ತಮ್ಮನಂತಿರುವ ಮತ್ತೊಂದು ಬಗೆಯಾದರೆ ೬೩. ಯಾವುದೆಂದು ತಿಳಿಯದಿದ್ದರೆ ಎಲ್ಲ ಸಂಖ್ಯೆಗಳನ್ನೂ ಕರೆದು ಹಾಜರಾದವರ ಪಟ್ಟಿಯನ್ನು ಕಂಪ್ಯೂಟರಿನ ಪರದೆಗೆ ಕಳುಹಿಸುವ ಸಣ್ಣ ಪ್ರೋಗ್ರಾಮೊಂದನ್ನು ಓಡಿಸಬಹುದು. ಹೊಸಬರು ಮೊದಲು ಮಾಡತಕ್ಕ ಕೆಲಸವು ಇದೇ. ಕರೆಗೆ ಓಗೊಡದವನ ತಂತಿಯನ್ನು ಪರೀಕ್ಷಿಸಿದರೆ ತಪ್ಪು ಅಲ್ಲಿಯೇ ಸಿಕ್ಕುವುದು.

ಫಲಕವನ್ನು ನಡೆಸುವ ಚಿಪ್ಪು ಜಪಾನಿನ ಹಿಟಾಚಿ ಕಂಪೆನಿಯ ಎಚ್. ಡಿ. ೪೪೭೮೦ ಅಥವಾ ಅದನ್ನು ಅನುಸರಿಸಿದುದು. ಅದರಲ್ಲಿ ಇಂಗ್ಲಿಷ್ ಅಕ್ಷರಗಳುಂಟು. ಸಾಮಾನ್ಯವಾಗಿ ಸಿಕ್ಕುವುದರಲ್ಲಿ ಜಪಾನೀಯರ ಕಟಕಾನ ಲಿಪಿಯೂ ಉಂಟು. ಕನ್ನಡವಿಲ್ಲ. ಆದರೆ ಅದನ್ನು ರಚಿಸಿದವರು ಎಂಟು ಅಕ್ಷರಗಳ ಸ್ಥಳವನ್ನು ಖಾಲಿ ಬಿಟ್ಟು, ‘ಇಲ್ಲಿ ನಿಮಗೆ ಬೇಕಾದುದನ್ನು ಬರೆದುಕೊಳ್ಳಿ’ ಎಂದು ಅನುಕೂಲ ಮಾಡಿಕೊಟ್ಟಿರುವರು. ಒಂದೊಂದು ಅಕ್ಷರಕ್ಕೂ ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು ಚುಕ್ಕೆಗಳು. ಚುಕ್ಕೆಯಿಟ್ಟು ರಂಗವಲ್ಲಿ ಬಿಡಿಸಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ಪಾಠವು ಬೇಕಾಗಿಲ್ಲ.

ಚೌಕಳಿ ಕಾಗದದ ಮೇಲೆ ಐದು ಮನೆ ಅಗಲ, ಎಂಟು ಮನೆ ಎತ್ತರದ ಪೆಟ್ಟಿಗೆಯನ್ನು ಗೆರೆಯೆಳೆದು, ಅಂಕಿಯ ಆಕಾರವು ಬರುವಂತೆ ಮನೆಗಳನ್ನು ತುಂಬಬೇಕು. ಒಂದು ಸಾಲಿನ ಐದು ಮನೆಗಳಿಗೆ ಎಡದಿಂದ ೧೬, ೮, ೪, ೨, ೧ ಎಂದು ಬೆಲೆ. ತುಂಬಿದ ಮನೆಗಳ ಬೆಲೆಯನ್ನು ಕೂಡಿಸಿದರೆ ಆ ಸಾಲಿನ ಸಂಖ್ಯೆಯಾಯಿತು. ಹೀಗೆ ೦ ಎಂಬ ನಮ್ಮ ಸೊನ್ನೆಗೆ ಮೇಲಿನಿಂದ ೦, ೧೪, ೧೭, ೧೭, ೧೭, ೧೪, ೦, ೦ ಎಂಬ ಎಂಟು ಸಂಖ್ಯೆಗಳು ಬರುವುವು. ೧ ಮತ್ತು ೨ ಸುಲಭ. ೬ಕ್ಕೂ ೯ಕ್ಕೂ ದೂರದಿಂದ ಭೇದ ಕಾಣುವಂತೆ ಬರೆಯುವುದೇ ಕಷ್ಟ. ನಾಲ್ಕಾರು ಸಲ ಅಳಿಸಿ ಬರೆಯಬೇಕಾಗಬಹುದು. ಮನೆಯವರೆಲ್ಲರೂ ಸುತ್ತ ಕುಳಿತು ಮಾಡತಕ್ಕ ಭಾಗವಿದು. ಅಜ್ಜಿಯು ‘ಇದು ಆರಲ್ಲ, ಬಾಲವನ್ನು ತಿರುಗಿಸು’ ಎಂದರೆ ಆ ತೀರ್ಪನ್ನು ಒಪ್ಪತಕ್ಕುದು.

ಅಂಕಿಗಳು ಹತ್ತು, ಖಾಲಿ ಸ್ಥಳಗಳು ಎಂಟು, ಹೇಗೆ ಸಾಕಾದೀತು? ಗಂಟೆ, ನಿಮಿಷ, ಸೆಕೆಂಡುಗಳಿಗೆ ಎರಡೆರಡರಂತೆ ಫಲಕದಲ್ಲಿ ಏಕಕಾಲಕ್ಕೆ ಕಾಣತಕ್ಕವು ಆರೇ ಅಂಕಿಗಳು. ಆದುದರಿಂದ ಹತ್ತು ಅಂಕಿಗಳ ಚಿತ್ರಗಳನ್ನೂ ಮೈಕ್ರೋಕಂಟ್ರೋಲರಿನ ನೆನಪಿನಲ್ಲಿಟ್ಟು, ಆರು ಸ್ಥಾನಗಳಿಗೆ ಆರು ಮನೆಗಳನ್ನು ಗೊತ್ತುಮಾಡಿ, ಯಾವ ಅಂಕಿಯು ಬದಲಾಯಿತೋ ಆ ಮನೆಯನ್ನು ಮಾತ್ರ ಆಗಿಂದಾಗ ಅಳಿಸಿ ಬರೆದರಾಯಿತು. ಉಳಿದ ಎರಡು ಮನೆಗಳಲ್ಲಿ ಹ‌ಗಲಿಗೆ ಸೂರ್ಯನನ್ನೂ ಇರುಳಿಗೆ ಚಂದ್ರನನ್ನೂ ಬರೆದು ನಿಲ್ಲಿಸಬಹುದು.

ದೂರದಿಂದ ಕಾಣುವ ದೊಡ್ಡ ಅಂಕಿಗಳು ಬೇಕೆನ್ನುವವರು ಮ್ಯಾಕ್ಸ್ ೭೨೧೯ ಎಂಬ ಮತ್ತೊಬ್ಬ ಸಹಾಯಕನನ್ನು ಕರೆಯಬಹುದು. ಇವನು ಸಾಲಿಗೆ ಎಂಟರಂತೆ ಎಂಟು ಸಾಲು, ಒಟ್ಟು ೬೪ ಕೆಂಪು ದೀಪಗಳನ್ನು ಬೆಳಗಿಸುವನು. ಇಂಥ ನಾಲ್ಕನ್ನು ಸಾಲಾಗಿ ನಿಲ್ಲಿಸಿದರೆ ಒಂದರ ಬಾಯಿಂದ ಮತ್ತೊಂದರ ಕಿವಿಗೆ ಮಾತು ಸಾಗಿ, ಮೂರೇ ತಂತಿಗಳಿಂದ ಗಂಟೆ ನಿಮಿಷಗಳು ಗೋಡೆಯಿಂದ ಗೋಡೆಗೆ ಕಾಣುವುವು. ಎಂಟು ಚುಕ್ಕೆಗಳ ಅಗಲದಲ್ಲಿ ಕನ್ನಡದ ಅಂಕಿಗಳು ಇನ್ನೂ ದುಂಡಾಗಿ ಕುಳಿತುಕೊಳ್ಳುವುವು.

ಕೆಲವು ಎಚ್ಚರಿಕೆಗಳು

ಈ ಕೆಲಸಕ್ಕೆ ಮೊಬೈಲ್ ಚಾರ್ಜರಿನ ೫ ವೋಲ್ಟು ಸಾಕು. ಗೋಡೆಯ ೨೩೦ ವೋಲ್ಟನ್ನು ಹೊಸಬರು ಯಾವ ಕಾರಣಕ್ಕೂ ಮುಟ್ಟಬಾರದು. ಕೆಲವು ಸಹಾಯಕ ಚಿಪ್ಪುಗಳು ೩.೩ ವೋಲ್ಟಿಗೆ ಮೀರಿದುದನ್ನು ಸಹಿಸವು. ಜೋಡಿಸುವ ಮೊದಲು ಓದಿ ನೋಡಬೇಕು. ಬೆಸುಗೆಯ ಸೀಸವನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂಡಬಾರದು. ಗಡಿಯಾರದ ಚಿಪ್ಪನ್ನು ಕೂರಿಸಿದ ಅಗ್ಗದ ಬೋರ್ಡುಗಳಲ್ಲಿ ಕೆಲವು ಸೆಲ್ಲಿಗೆ ವಿದ್ಯುತ್ತನ್ನು ತುಂಬುವಂತೆ ರಚಿತವಾಗಿರುವುವು. ಅಂಥದಕ್ಕೆ ಮರಳಿ ತುಂಬಬಾರದ ಸಾಮಾನ್ಯ ಸೆಲ್ಲನ್ನು ಹಾಕುವುದು ಅಪಾಯಕರ. ಬಲ್ಲವರನ್ನು ಕೇಳಿ ತಕ್ಕುದನ್ನು ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇದು. ನಾಣ್ಯದಾಕಾರದ ಸೆಲ್ಲು ಹೊಳೆಯುವ ವಸ್ತು. ಕೂಸುಗಳು ಬಾಯಿಗೆ ಹಾಕಿಕೊಳ್ಳುವುವು. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗಾಗಿ ಅದು ಅನ್ನನಾಳವನ್ನು ಸುಡಬಲ್ಲದು. ಸೆಲ್ಲನ್ನು ತಿರುಪಿನಿಂದ ಬಿಗಿದ ಪೆಟ್ಟಿಗೆಯೊಳಗೆ ಇಡಬೇಕು. ಮಗುವು ನುಂಗಿದೆಯೆಂಬ ಅನುಮಾನವುಂಟಾದರೂ ಸಾಕು, ಕಾಯದೆ ಆಸ್ಪತ್ರೆಗೆ ಕೊಂಡೊಯ್ಯಬೇಕು.

ಇದರ ಫಲವೇನು?

ಇಷ್ಟೆಲ್ಲ ಶ್ರಮಪಡುವುದಕ್ಕಿಂತ ಅಂಗಡಿಯಿಂದ ಒಂದು ಗಡಿಯಾರವನ್ನು ತರುವುದು ಸುಲಭವಲ್ಲವೇ ಎಂದು ಕೆಲವರು ಕೇಳುವರು. ಸುಲಭವೇ, ಬಹುಶಃ ಅಗ್ಗವೂ ಅಹುದು. ಆದರೆ ಆ ಗಡಿಯಾರದಲ್ಲಿ ನಮ್ಮ ಅಂಕಿಗಳಿರವು. ಇಂದು ಕನ್ನಡವನ್ನು ಚೆನ್ನಾಗಿ ಓದುವ ಮಕ್ಕಳಲ್ಲಿಯೂ ಅನೇಕರು ೬, ೭, ೯ ಎಂಬುವನ್ನು ಕಂಡರೆ ತಡವರಿಸುವರು. ಕನ್ನಡ ಶಾಲೆಯಲ್ಲಿ ಎರಡು ಮೂರು ತರಗತಿ ಮಾತ್ರ ಓದಿದ ಹಿರಿಯರಲ್ಲಿ ಈ ಅಂಕಿಗಳನ್ನೇ ನೆಚ್ಚಿರುವವರುಂಟು. ಒಂದೇ ಮನೆಯ ಅಜ್ಜಿ ಮೊಮ್ಮಕ್ಕಳ ನಡುವೆ ಅಂಕಿಗಳೇ ಬೇರೆಯಾಗುತ್ತಿರುವುದಕ್ಕೆ, ದಿನವೂ ಕಣ್ಣಿಗೆ ಬೀಳುವ ಯಂತ್ರಗಳಲ್ಲಿ ಅವು ಕಾಣದಿರುವುದೂ ಒಂದು ಕಾರಣ. ಲಿಪಿಯು ಪುಸ್ತಕದಲ್ಲಿದ್ದರೆ ಮಾತ್ರ ಸಾಲದು. ಹೊತ್ತು ನೋಡುವಾಗ, ಹಾಲು ಅಳೆಯುವಾಗ, ಜ್ವರ ಎಣಿಸುವಾಗ ಕಣ್ಣೆದುರಿಗಿರಬೇಕು.

ಎರಡನೆಯ ಫಲವು ಮಕ್ಕಳ ಮನಸ್ಸಿಗೆ ಸಂಬಂಧಪಟ್ಟುದು. ಅರ್ಧ ಪುಟದಷ್ಟು ನೆನಪಿಲ್ಲದ ಚಿಪ್ಪೊಂದು, ಕಾಲವನ್ನು ಬಲ್ಲವನನ್ನು ಕಾಲ ಕೇಳಿ, ಬೆಳಕನ್ನು ಬಲ್ಲವನಿಗೆ ಬೆಳಕನ್ನು ಒಪ್ಪಿಸಿ, ಪ್ರತಿಯೊಂದು ಮಾತಿಗೂ ಒಪ್ಪಿಗೆ ಪಡೆದು, ಎರಡು ತಂತಿಗಳ ಮೇಲೆ ಒಂದು ಸಂಸಾರವನ್ನೇ ನಡೆಸುವುದನ್ನು ಕಂಡ ಮಗುವು ಯಂತ್ರವನ್ನು ಮಾಯೆಯೆಂದು ಭಾವಿಸುವುದಿಲ್ಲ. ಕೆಲಸ ನಿಂತಾಗ ಅದು ಯಂತ್ರವನ್ನು ಎಸೆಯದೆ, ‘ಯಾರು ಓಗೊಡಲಿಲ್ಲ?’ ಎಂದು ಹುಡುಕುವುದು. ಈ ಅಭ್ಯಾಸವು ಮುಂದೆ ಯಾವ ವೃತ್ತಿಗೆ ಹೋದರೂ ಕೈಬಿಡದು.

ವಾಚಕರಲ್ಲಿ ಆಸಕ್ತಿಯುಳ್ಳವರು ಬೋರ್ಡನ್ನೂ ಚಿಪ್ಪುಗಳನ್ನೂ ತರುವವರೆಗೆ ಕಾಯಬೇಕಾಗಿಲ್ಲ. ಚೌಕಳಿ ಕಾಗದ, ಸೀಸದ ಕಡ್ಡಿ, ಅಂಕಿಯ ಆಕಾರವನ್ನು ಒಪ್ಪಿ ತಿದ್ದುವುದಕ್ಕೆ ಮನೆಯ ಒಬ್ಬ ಹಿರಿಯರು, ಇಷ್ಟಿದ್ದರೆ ಮೊದಲನೆಯ ಭಾಗವನ್ನು ಇಂದು ರಾತ್ರಿಯ ಊಟವಾದ ಮೇಲೆಯೇ ಆರಂಭಿಸಬಹುದು.